ಚೌಕಟ್ಟಿನ ಅಂಚಿನಲ್ಲಿ ನಿಂತವರು

ಪ್ರವಾಸದ ಹಳೆಯ ಫೋಟೋ ಕೈಗೆ ಬಂದರೆ ಕಣ್ಣು ಮೊದಲು ಹುಡುಕುವುದು ನಮ್ಮವರ ಮುಖಗಳನ್ನೇ. ಅಪ್ಪ ಎಷ್ಟು ತೆಳ್ಳಗಿದ್ದರು, ಅತ್ತೆಯ ಜಡೆ ಎಷ್ಟು ಉದ್ದವಿತ್ತು, ಈ ಸೀರೆ ಆಮೇಲೆ ಯಾರಿಗೆ ಹೋಯಿತು ಎಂಬ ಮಾತುಗಳಲ್ಲೇ ಆಲ್ಬಮ್ಮಿನ ಪುಟಗಳು ಮಗುಚಿಕೊಳ್ಳುತ್ತವೆ. ಹಿಂದೆ ಕಾಣುವ ಗುಡಿ ಯಾವುದೆಂದು ಆಮೇಲೆ ಕೇಳುತ್ತೇವೆ. ಗುಡಿಯ ಪಕ್ಕದಲ್ಲಿ ನಿಂತವರು ಯಾರೆಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯ ಹಂಪಿ ಆಲ್ಬಮ್ಮನ್ನು ನಾವು ವರ್ಷಗಟ್ಟಲೆ ನೋಡಿಕೊಂಡು ಬಂದದ್ದು ಹೀಗೆಯೇ. ಈಚೆಗೆ ಆ ಫೋಟೋಗಳನ್ನು ಚೀಲಕ್ಕೆ ಹಾಕಿಕೊಂಡು, ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಮತ್ತೆ ಹಂಪಿಗೆ ಹೋಗಿಬಂದೆ. ಅಲ್ಲಿಂದಾಚೆಗೆ ನಾನು ಫೋಟೋ ನೋಡುವ ಬಗೆಯೇ ಬೇರೆಯಾಗಿದೆ.

ಆ ಆಲ್ಬಮ್ಮಿನಲ್ಲಿ ಎರಡು ಕಾಲದ ಫೋಟೋಗಳಿವೆ. ಮೊದಲಿನವು 1968ರಲ್ಲಿ ದೊಡ್ಡಪ್ಪ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದಲ್ಲಿ ತೆಗೆದ ಕಪ್ಪುಬಿಳುಪಿನ ಚೌಕ ಚಿತ್ರಗಳು. ಆ ಕ್ಯಾಮೆರಾದ ಒಂದು ರೀಲಿನಲ್ಲಿ ಬರುತ್ತಿದ್ದದ್ದು 12 ಚಿತ್ರ ಮಾತ್ರ. ಹೈಸ್ಕೂಲು ಮೇಷ್ಟರಾಗಿದ್ದ ದೊಡ್ಡಪ್ಪ ಒಂದೊಂದನ್ನೂ ಅಳೆದು ಸುರಿದು ತೆಗೆದಿದ್ದಾರೆ. ಜನರ ಮೇಲೆ ಫಿಲ್ಮು ಖರ್ಚು ಮಾಡಿಲ್ಲ. ಎಲ್ಲವೂ ಕಲ್ಲು, ಕಂಬ, ಗೋಪುರ. ಪ್ರತಿ ಫೋಟೋದ ಬೆನ್ನಿಗೂ ಪೆನ್ಸಿಲ್ಲಿನಲ್ಲಿ ಜಾಗದ ಹೆಸರು, ತಾರೀಖು, ತೆಗೆದ ಹೊತ್ತು ಬರೆದಿಟ್ಟಿದ್ದಾರೆ. ಎರಡನೆಯ ಕಂತು 1993ರ ಕ್ರಿಸ್‌ಮಸ್ ರಜೆಯದು. ಅಪ್ಪ ಸಹೋದ್ಯೋಗಿಯೊಬ್ಬರಿಂದ ಯಾಷಿಕಾ ಕ್ಯಾಮೆರಾ ಎರವಲು ತಂದು, 36 ಚಿತ್ರಗಳ ಬಣ್ಣದ ರೀಲು ಹಾಕಿಸಿಕೊಂಡು ನಮ್ಮನ್ನೆಲ್ಲ ಹಂಪಿಗೆ ಕರೆದುಕೊಂಡು ಹೋಗಿದ್ದರು. ಇವುಗಳ ಹಿಂದೆ ಇರುವುದು ಸ್ಟುಡಿಯೋದ ಮೊಹರು ಮಾತ್ರ.

ವಿಚಿತ್ರವೆಂದರೆ ಹಳೆಯವೇ ಇಂದಿಗೂ ಗಟ್ಟಿಯಾಗಿವೆ. ಕಪ್ಪುಬಿಳುಪಿನ ಚಿತ್ರ ಕಾಗದದ ಮೇಲೆ ನಿಲ್ಲುವುದು ಬೆಳ್ಳಿಯ ಕಣಗಳಿಂದ. ಸರಿಯಾಗಿ ತೊಳೆದಿದ್ದರೆ ಅದು ಬಹಳ ಕಾಲ ಬಾಳುತ್ತದೆ. ಬಣ್ಣದ ಫೋಟೋದಲ್ಲಿರುವುದು ರಾಸಾಯನಿಕ ವರ್ಣಗಳು. ಅವು ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಹಸಿರು ನೀಲಿಗಳೆಲ್ಲ ಹಿಂದೆ ಸರಿದು ಫೋಟೋ ಕೆಂಪಿಗೆ ತಿರುಗುತ್ತದೆ. ನಮ್ಮ 1993ರ ತುಂಗಭದ್ರೆ ಈಗ ಕೆಮ್ಮಣ್ಣಿನ ಬಣ್ಣಕ್ಕೆ ಬಂದಿದೆ. ದೊಡ್ಡಪ್ಪ ತೆಗೆದ ಉಗ್ರನರಸಿಂಹ ಮೂರ್ತಿಯ ಮೈಮೇಲೆ ಮಾತ್ರ ಉಳಿಯ ಗೆರೆಗಳನ್ನೂ ಎಣಿಸಬಹುದು.

ಹೊರಡುವ ಮುಂಚೆ ಮಾಡಿದ ಮೊದಲ ಕೆಲಸ, 1993ರ ಆ ದಿನಗಳನ್ನು ಮತ್ತೆ ಸಾಲಾಗಿ ಜೋಡಿಸಿದ್ದು. ಅಮ್ಮ ಆಲ್ಬಮ್ಮಿಗೆ ಫೋಟೋ ಸೇರಿಸಿದ್ದು ಯಾರು ಯಾವುದರಲ್ಲಿ ಚೆನ್ನಾಗಿ ಬಿದ್ದಿದ್ದಾರೆಂಬ ಲೆಕ್ಕದಲ್ಲಿ. ಅದರಿಂದ ನಾವು ಎಲ್ಲಿಂದ ಎಲ್ಲಿಗೆ ನಡೆದೆವೆಂದು ತಿಳಿಯುವುದಿಲ್ಲ. ಆದರೆ ಸ್ಟುಡಿಯೋದವರು ಕೊಟ್ಟ ನೆಗೆಟಿವ್‌ಗಳು ಲಕೋಟೆಯಲ್ಲಿ ಹಾಗೇ ಇದ್ದವು. ನೆಗೆಟಿವ್‌ನ ಅಂಚಿನಲ್ಲಿ ಪ್ರತಿ ಚಿತ್ರಕ್ಕೂ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಯಾರೂ ಹಿಂದುಮುಂದು ಮಾಡಲಾರರು. ನಾನೂ ಮಗಳೂ ಕಿಟಕಿಯ ಬೆಳಕಿಗೆ ಪಟ್ಟಿಗಳನ್ನು ಹಿಡಿದು ಸಂಖ್ಯೆ ಓದುತ್ತ, ಅದಕ್ಕೆ ಸರಿಯಾದ ಫೋಟೋವನ್ನು ಮೇಜಿನ ಮೇಲಿಡುತ್ತ ಹೋದೆವು. ಸಾಸಿವೆಕಾಳು ಗಣಪ, ಕೃಷ್ಣ ದೇವಾಲಯ, ಉಗ್ರನರಸಿಂಹ, ವಿರೂಪಾಕ್ಷ, ಬಜಾರು, ಹೊಳೆದಂಡೆ, ವಿಠ್ಠಲ ದೇವಾಲಯ. ಮರುದಿನ ಕಮಲಾಪುರದ ಕಡೆಯ ಅರಮನೆ ಪ್ರದೇಶ. ಅಪ್ಪ ನಮ್ಮನ್ನು ನಡೆಸಿದ ದಾರಿ ಮೇಜಿನ ಮೇಲೆ ಮೂಡಿತು.

ಹಾಗೆ ಜೋಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 21ನೆಯ ಚಿತ್ರದಲ್ಲಿ ನೆರಳು ಗಿಡ್ಡಗಿದೆ, ನಡುಮಧ್ಯಾಹ್ನ. 22ರಲ್ಲಿ ನೆರಳು ಬಂಡೆಗಳ ಮೇಲೆ ಉದ್ದಕ್ಕೆ ಚಾಚಿದೆ. ಜಾಗ ಮಾತ್ರ ಅದೇ, ಹೊಳೆದಂಡೆಯ ಮಂಟಪ. ನಡುವಿನ ಅಷ್ಟು ಹೊತ್ತು ಏನಾಯಿತೆಂದು ಅಮ್ಮನನ್ನು ಕೇಳಿದೆ. ಅಮ್ಮ ಎರಡು ಫೋಟೋಗಳನ್ನೂ ಹತ್ತಿರ ಹಿಡಿದು ನೋಡಿದರು.

"ಬುತ್ತಿ ಬಿಚ್ಚಿ ಊಟ ಮಾಡಿದ್ವಲ್ಲ, ಆಮೇಲೆ ನೀನು ಅಲ್ಲೇ ಕಲ್ಲಿನ ಮೇಲೆ ಮಲಗಿಬಿಟ್ಟೆ. ನಾನು ಎಬ್ಬಿಸಕ್ಕೆ ಹೋದೆ. ಮಗು ಮಲಗಲಿ ಬಿಡು, ವಿಠ್ಠಲ ಎಲ್ಲೂ ಓಡಿಹೋಗಲ್ಲ ಅಂದ್ರು ನಿಮ್ಮಪ್ಪ. ನೀನು ಏಳೋವರೆಗೂ ಇಬ್ಬರೂ ಹೊಳೆ ನೋಡ್ಕೊಂಡು ಕೂತಿದ್ವಿ. ಏನೇನೋ ಮಾತಾಡಿದ್ವಿ."

ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇರುತ್ತಿದ್ದುದರಿಂದ ಆ ಪ್ರವಾಸದ ಫೋಟೋಗಳಲ್ಲಿ ಅವರು ಸಿಗುವುದು ಅಪರೂಪ. ಕೆಲವು ಕಡೆ ಕ್ಯಾಮೆರಾ ಹಿಡಿದ ಅವರ ನೆರಳು ನೆಲದ ಮೇಲೆ ನಮ್ಮ ಕಡೆಗೆ ಬಿದ್ದಿದೆ, ಅಷ್ಟೆ. ಆ ಮಧ್ಯಾಹ್ನ ಅವರು ಕ್ಯಾಮೆರಾ ಕೆಳಗಿಟ್ಟು ಅಮ್ಮನ ಜೊತೆ ಕುಳಿತಿದ್ದರು. ತೆಗೆದ ಎರಡು ಚಿತ್ರಗಳ ಸಂಖ್ಯೆ ಸಿಕ್ಕಿದ್ದಕ್ಕೆ, ತೆಗೆಯದ ಆ ಹೊತ್ತಿನ ಕಥೆ ನನಗೆ ದಕ್ಕಿತು. ಫೋಟೋ ಮಾಡುವ ದೊಡ್ಡ ಉಪಕಾರ ಇದೇ ಎಂದು ಈಗ ನಂಬಿದ್ದೇನೆ: ನೆನಪಿರುವವರ ಮುಂದೆ ಅದನ್ನಿಟ್ಟರೆ ಅದರಲ್ಲಿಲ್ಲದ್ದೂ ಹೊರಗೆ ಬರುತ್ತದೆ.

ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯಲ್ಲಿ ಬೆಳಿಗ್ಗೆ ಇಳಿದು ಆಟೋ ಹಿಡಿದೆವು. ಮೊದಲು ನಿಲ್ಲಿಸಿದ್ದು ನರಸಿಂಹನ ಮುಂದೆ. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಿಂದ ಕಡೆದ, 6.7 ಮೀಟರ್ ಎತ್ತರದ ಮೂರ್ತಿ. ದೊಡ್ಡಪ್ಪನ ಫೋಟೋ ಹಿಡಿದು ಅವರು ನಿಂತ ಜಾಗ ಹುಡುಕಿ, ಮಗಳು ಫೋಟೋವನ್ನೂ ಮೂರ್ತಿಯನ್ನೂ ಒಟ್ಟಿಗೆ ನೋಡಿದಳು. "ಇದರಲ್ಲಿ ಮೊಣಕಾಲ ಪಟ್ಟಿ ಇಲ್ವಲ್ಲಮ್ಮ" ಎಂದಳು. ನಿಜ. 1968ರ ಚಿತ್ರದಲ್ಲಿ ಎರಡು ಮೊಣಕಾಲುಗಳ ನಡುವೆ ಏನೂ ಇಲ್ಲ. 1993ರ ಫೋಟೋದಲ್ಲಿ ಅಡ್ಡಲಾಗಿ ಕಲ್ಲಿನ ಯೋಗಪಟ್ಟವಿದೆ. ಭಗ್ನಗೊಂಡಿದ್ದ ಕಾಲುಗಳಿಗೆ ಆಸರೆಯಾಗಿ 1980ರ ದಶಕದ ಸಂರಕ್ಷಣಾ ಕಾರ್ಯದಲ್ಲಿ ಕೂರಿಸಿದ್ದು ಅದು. ಅದು ಶಿಲ್ಪಿಯೇ ಕಡೆದದ್ದೆಂದು ಅಮ್ಮ ಇಷ್ಟು ವರ್ಷ ತಿಳಿದಿದ್ದರು. ನೋಡುವ ಹೆಚ್ಚಿನವರೂ ಹಾಗೆಯೇ ತಿಳಿಯುತ್ತಾರೆ. ತೊಡೆಯ ಮೇಲೆ ಕುಳಿತಿದ್ದ ಲಕ್ಷ್ಮಿ ಮಾತ್ರ ಯಾವ ಕಾಲದ ಫೋಟೋದಲ್ಲೂ ಇಲ್ಲ. ಮೂರ್ತಿಯ ಹಿಂದೆ, ನರಸಿಂಹನನ್ನು ಬಳಸಿದ್ದ ಅವಳ ಕೈಯೊಂದು ಉಳಿದಿದೆ. ಅದನ್ನು ದೊಡ್ಡಪ್ಪ ಹಿಂದಕ್ಕೆ ಹೋಗಿ, 12ರಲ್ಲಿ ಒಂದು ಫಿಲ್ಮು ಅದಕ್ಕೆಂದೇ ಕೊಟ್ಟು ತೆಗೆದಿದ್ದಾರೆ. ಜನರ ಫೋಟೋ ತೆಗೆಯದ ಮನುಷ್ಯ ಆ ಕೈಯನ್ನು ಬಿಟ್ಟುಬರಲಾರದೆ ಹೋದರು.

ಮಹಾನವಮಿ ದಿಬ್ಬದ ಮೇಲೆ ಇನ್ನೊಂದು ಅಚ್ಚರಿ ಕಾದಿತ್ತು. ದಿಬ್ಬದ ಮೇಲಿನಿಂದ ದೊಡ್ಡಪ್ಪ ತೆಗೆದ ಫೋಟೋದಲ್ಲಿ ಕೆಳಗೆ ಬರೀ ಮಣ್ಣು, ಕುರುಚಲು ಗಿಡ. ನಾವು ಅದೇ ಕಡೆ ಮುಖ ಮಾಡಿ ನಿಂತರೆ ಕಾಣುವುದು ಹಂಪಿಗೆ ಬಂದವರೆಲ್ಲ ಫೋಟೋ ತೆಗೆದುಕೊಳ್ಳುವ ಮೆಟ್ಟಿಲು ಪುಷ್ಕರಣಿ. ಅದು 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳು ನಾಲ್ಕೂ ಕಡೆ ಒಂದೇ ಲೆಕ್ಕದಲ್ಲಿ ಇಳಿಯುತ್ತವೆ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕೆಲಸಗಾರರು ಮಾಡಿಕೊಂಡ ಗುರುತುಗಳು ಈಗಲೂ ಕಲ್ಲಿನ ಮೇಲಿವೆ. ದೊಡ್ಡಪ್ಪ ನಿಂತು ನೋಡಿದಾಗ ಇದೆಲ್ಲ ಕುರುಚಲ ಕೆಳಗೆ ಮಣ್ಣಿನಲ್ಲಿತ್ತು. ಹಳೆಯ ಫೋಟೋ ಎಂದೊಡನೆ ಕಳೆದುಹೋದದ್ದರ ಬಗ್ಗೆಯೇ ಮರುಗುವುದು ನಮ್ಮ ರೂಢಿ. ಆದರೆ ಆ ಕಾಲದವರಿಗೆ ಸಿಗದೇ ಇದ್ದದ್ದು ನಮಗೆ ಸಿಕ್ಕಿದೆ ಎಂಬುದನ್ನೂ ಅದು ಅಷ್ಟೇ ನಿಷ್ಠೆಯಿಂದ ಹೇಳುತ್ತದೆ. ಹಿಂದಿನದೆಲ್ಲ ಇಂದಿಗಿಂತ ಸಂಪನ್ನವಾಗಿತ್ತೆಂಬ ಮಾತನ್ನು ಈ ಒಂದು ಚೌಕ ಫೋಟೋ ಒಪ್ಪುವುದಿಲ್ಲ.

ಹಂಪಿಯನ್ನು ಹೀಗೆ ಫೋಟೋ ಹಿಡಿದು ಮತ್ತೆ ನೋಡಿದವರಲ್ಲಿ ನಾವೇನೂ ಮೊದಲಿಗರಲ್ಲ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್ಲಾ 1856ರಲ್ಲೇ ಇಲ್ಲಿನ ಗುಡಿಗಳ ಛಾಯಾಚಿತ್ರ ತೆಗೆದಿದ್ದರು. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕಿತ್ತು, ಅದಕ್ಕೆ ತಕ್ಕ ಭಾರಿ ಕ್ಯಾಮೆರಾ ಹೊತ್ತು ಈ ಬಂಡೆಗಳ ನಡುವೆ ಓಡಾಡಬೇಕಿತ್ತು. ಆ ನೆಗೆಟಿವ್‌ಗಳು ಶತಮಾನಕ್ಕೂ ಮಿಕ್ಕಿ ಕಣ್ಮರೆಯಾಗಿದ್ದು, 1980ರ ಹೊತ್ತಿಗೆ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಬೆಳಕಿಗೆ ಬಂದವು. ಆಗ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಹಂಪಿಯ ಅಧ್ಯಯನದಲ್ಲಿ ತೊಡಗಿದ್ದರು. ಅವರೊಡನೆ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್ಲಾ ಕ್ಯಾಮೆರಾ ಇಟ್ಟ ಜಾಗಗಳನ್ನು ಹುಡುಕಿ ಅವೇ ನೋಟಗಳನ್ನು ಮತ್ತೆ ತೆಗೆದರು.

ಆ ಜೋಡಿ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ವಿಠ್ಠಲ ದೇವಾಲಯದ ಕಲ್ಲಿನ ರಥ. 2017ರಿಂದ 50 ರೂಪಾಯಿ ನೋಟಿನ ಮೇಲೂ ಇರುವ ಈ ರಥ ನಮ್ಮೆಲ್ಲರ ಕಣ್ಣಿಗೆ ಚಪ್ಪಟೆ ತಲೆಯದು. ಗ್ರೀನ್ಲಾ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದಿನ ದಶಕಗಳಲ್ಲಿ ಅದು ಇಲ್ಲವಾಯಿತು. ರಥವೆಂದು ನಾವು ಕರೆಯುವುದು ಮೂಲತಃ ಗರುಡನ ಗುಡಿ. ಗುಡಿಗೆ ಶಿಖರ ಇದ್ದದ್ದು ಸಹಜವೇ. ಶಿಖರವಿಲ್ಲದ ಮೇಲೆ ಗುಡಿ ಮರೆತು ರಥವೊಂದೇ ಉಳಿಯಿತು. ನಮ್ಮ 1993ರ ಫೋಟೋದಲ್ಲಿ ನಾನು ಆ ರಥದ ಮುಂದಿನ ಕಲ್ಲಾನೆಯ ಬೆನ್ನು ಹಿಡಿದು ನಿಂತಿದ್ದೇನೆ. ಇನ್ನೊಂದರಲ್ಲಿ ಅತ್ತೆ ಮಹಾಮಂಟಪದ ಸಂಗೀತದ ಕಂಬಕ್ಕೆ ಕಿವಿಗೊಟ್ಟಿದ್ದಾರೆ, ಗೈಡ್ ಬೆರಳಿಂದ ಬಡಿಯುತ್ತಿದ್ದಾರೆ. ಈಗ ಇವೆರಡನ್ನೂ ಮತ್ತೆ ತೆಗೆಯುವಂತಿಲ್ಲ. ಕಂಬಗಳನ್ನು ಮುಟ್ಟುವಂತಿಲ್ಲ, ರಥದ ಸುತ್ತ ತಡೆ ಹಾಕಿದ್ದಾರೆ. ಬಡಿದು ಬಡಿದು ಕಂಬಗಳು ಸವೆದಿದ್ದು ಕಣ್ಣಿಗೆ ಕಾಣುವಾಗ ಈ ನಿರ್ಬಂಧ ಸರಿ ಎಂದೇ ನನ್ನ ಅಭಿಪ್ರಾಯ. ಅತ್ತೆ ಕೇಳಿದ ನಾದವನ್ನು ಮಗಳು ಅತ್ತೆಯ ಬಾಯಿಂದಲೇ ಕೇಳಿ ತಿಳಿಯಬೇಕು.

ಗ್ರೀನ್ಲಾ ಚಿತ್ರಗಳಲ್ಲಿ ಜನ ಬಹಳ ಕಡಿಮೆ. ಆ ಕಾಲದ ಕಾಗದದ ನೆಗೆಟಿವ್ ಬೆಳಕು ಹೀರಲು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಎದುರಿಗೆ ನಡೆದುಹೋದ ಮನುಷ್ಯ ಅದರ ಮೇಲೆ ಗುರುತನ್ನೇ ಬಿಡುವುದಿಲ್ಲ. ಕಲ್ಲು ಉಳಿಯಿತು, ನಡೆದಾಡುವವರು ಅಳಿಸಿಹೋದರು. ಹಾಗಾಗಿ ಆ ಚಿತ್ರಗಳನ್ನು ನೋಡಿದವರಿಗೆ ಹಂಪಿ ಯಾರೂ ಇಲ್ಲದ ಊರೆಂದು ಅನಿಸಿದರೆ ತಪ್ಪು ನೋಡಿದವರದಲ್ಲ.

ವಿರೂಪಾಕ್ಷ ಗುಡಿಗೆ ಹೋದಾಗ ಅಮ್ಮ ಒಂದು ಫೋಟೋ ಮುಂದಿಟ್ಟರು. ನೋಡಿದರೆ ಅದರಲ್ಲಿ ಏನೂ ಇಲ್ಲ: ಬೆಳ್ಳಗೆ ಹೊಳೆಯುವ ಗೋಡೆಯೊಂದು, ಮೂಲೆಯಲ್ಲಿ ಯಾರದೋ ಭುಜ. ಆಲ್ಬಮ್ಮಿಗೆ ಸೇರದೆ ಲಕೋಟೆಯಲ್ಲೇ ಉಳಿದಿದ್ದದ್ದು. ಗುಡಿಯ ಹಿಂಬದಿಯ ಕತ್ತಲ ಕೋಣೆಯೊಳಗೆ ಕಾಲಿಟ್ಟಾಗ ಅದು ಏನೆಂದು ಗೊತ್ತಾಯಿತು. ಅಲ್ಲಿ ಗೋಡೆಯ ಕಿಂಡಿಯಿಂದ ಬರುವ ಬೆಳಕು ಮೂಡಣದ ಬಿಷ್ಟಪ್ಪ ಗೋಪುರವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ ಅಂಗೈಗೆ ಹತ್ತಿರವಾಗುತ್ತದೆ. ಪ್ರತಿ ಕ್ಯಾಮೆರಾ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: ಕತ್ತಲ ಪೆಟ್ಟಿಗೆ, ಒಂದು ರಂಧ್ರ, ತಲೆಕೆಳಗಾದ ಬಿಂಬ. ಅಪ್ಪ ಆ ಬಿಂಬದ ಫೋಟೋ ತೆಗೆಯಲು ಹೋದಾಗ ಫ್ಲ್ಯಾಶ್ ಬೆಳಗಿ ಬಿಂಬವನ್ನು ಅಳಿಸಿಹಾಕಿದೆ. ಬೆಳಕಿನಿಂದ ಆದ ಚಿತ್ರ ಹೆಚ್ಚಿನ ಬೆಳಕಿನ ಮುಂದೆ ನಿಲ್ಲುವುದಿಲ್ಲ. ಈ ಬಿಳಿ ಗೋಡೆಯ ಫೋಟೋ ಯಾವ ಆಲ್ಬಮ್ಮಿಗೂ ಬೇಡವೆನಿಸೀತು. ಆದರೆ ಅದರಲ್ಲಿ ಅಪ್ಪನ ಕುತೂಹಲವಿದೆ; ನನಗೆ ಅದು ಆ ರೀಲಿನ ಅತ್ಯುತ್ತಮ ಚಿತ್ರ. ಊರಿಗೆ ಬಂದ ಮೇಲೆ ಅದನ್ನು ಆಲ್ಬಮ್ಮಿನ ಮೊದಲ ಪುಟಕ್ಕೆ ಸೇರಿಸಿದ್ದೇನೆ.

ಗೋಪುರದಿಂದ ಹೊರಬಂದರೆ ಬಜಾರು. ವಿರೂಪಾಕ್ಷನ ಮುಂದಿನಿಂದ ಮಾತಂಗ ಬೆಟ್ಟದ ಬುಡದ ಎದುರುಬಸವಣ್ಣನವರೆಗೆ ಚಾಚಿರುವ ಈ ಬೀದಿಯ ಇಕ್ಕೆಲದ ಕಲ್ಲುಮಂಟಪಗಳಲ್ಲಿ 1993ರಲ್ಲಿ ಮನೆಗಳಿದ್ದವು, ಚಹಾದಂಗಡಿ, ಹೋಟೆಲು, ಬಟ್ಟೆಯಂಗಡಿಗಳಿದ್ದವು. ಕಂಬಗಳ ನಡುವೆ ಗೋಡೆ ಕಟ್ಟಿ, ಸುಣ್ಣ ಬಳಿದು, ಬಾಗಿಲಿಟ್ಟು ಜನ ಸಂಸಾರ ಮಾಡಿಕೊಂಡಿದ್ದರು. 2011ರ ಜುಲೈಯಲ್ಲಿ ಅವನ್ನೆಲ್ಲ ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕೆಂಬ ಮಾತು ನ್ಯಾಯವಾದದ್ದು. ಸ್ಮಾರಕದೊಳಗೆ ಹುಟ್ಟಿ ಬೆಳೆದವರು ತಾವೂ ಹಂಪಿಯವರೇ ಎಂದದ್ದೂ ನ್ಯಾಯವಾದದ್ದೇ. ಈಗ ಬೀದಿ ಅಗಲವಾಗಿ, ಬರಿದಾಗಿ, ಗ್ರೀನ್ಲಾ ಕಾಲದ ಚಿತ್ರಗಳಿಗೆ ಹತ್ತಿರವಾಗಿದೆ.

ನಮ್ಮಲ್ಲಿದ್ದ ಬಜಾರಿನ ಫೋಟೋದಲ್ಲಿ ಅಮ್ಮ, ಅತ್ತೆ, ನಾನು ಸಾಲಾಗಿ ನಿಂತಿದ್ದೇವೆ. ಬಲ ಅಂಚಿನಲ್ಲಿ, ನೀಲಿ ಬಾಗಿಲಿನ ಮನೆಯ ಮುಂದಿನ ಕಟ್ಟೆಯ ಮೇಲೆ ಹೆಂಗಸೊಬ್ಬರು ಮೊರದಲ್ಲಿ ಏನನ್ನೋ ಹಸನು ಮಾಡುತ್ತ, ತಲೆಯೆತ್ತಿ ನಮ್ಮ ಕಡೆ ನೋಡಿದ್ದಾರೆ. ಆ ನೀಲಿ ಬಾಗಿಲು ಯಾವ ಮಂಟಪದಲ್ಲಿತ್ತೆಂದು ತಿಳಿಯಲು ಅಮ್ಮ ಗುಡಿಯ ಮುಂದೆ ಬಾಳೆಹಣ್ಣು ಮಾರುತ್ತಿದ್ದವರೊಬ್ಬರಿಗೆ ಫೋಟೋ ತೋರಿಸಿದರು. ಅವರು ಸೆರಗಿನಿಂದ ಕೈಯೊರೆಸಿಕೊಂಡು ಫೋಟೋ ತೆಗೆದುಕೊಂಡರು. ನೋಡುತ್ತ ನೋಡುತ್ತ ಅವರ ಮುಖವೇ ಬದಲಾಯಿತು.

"ಇದು ನಮ್ಮ ಮನಿರೀ. ಈಕಿ ನಮ್ಮವ್ವ."

ಆಮೇಲೆ ಅವರೇ ತೋರಿಸುತ್ತ ಹೋದರು. ಈ ಕಂಬಕ್ಕೆ ಆಡು ಕಟ್ಟುತ್ತಿದ್ದರು. ಒಳಗೆ ಕಲ್ಲುಕಂಬದ ಮೇಲೆ ಆನೆ ಕೆತ್ತಿತ್ತು, ಅದರ ಪಕ್ಕವೇ ಒಲೆ. ಈ ಬಾಗಿಲಿಗೆ ಬಣ್ಣ ಹಚ್ಚಿದವರು ಅವರಣ್ಣ. ಜಾತ್ರೆಯ ದಿನ ತೇರು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಈಗ ಅವರ ಮನೆ ಕಡ್ಡಿರಾಂಪುರದಲ್ಲಿದೆ. ದಿನಾ ಬೆಳಿಗ್ಗೆ ಬಂದು ಇಲ್ಲಿ ಹಣ್ಣು ಮಾರಿ ಸಂಜೆ ಹೋಗುತ್ತಾರೆ.

"ಅವ್ವಂದು ರೇಷನ್ ಕಾರ್ಡಿನ ಫೋಟೋ ಒಂದೈತ್ರೀ, ಅಷ್ಟ. ಮನೀದು ಒಂದೂ ಇಲ್ಲ. ನಾವ್ಯಾಕ ನಮ್ಮ ಮನೀ ಫೋಟೋ ತೆಗೀತಿದ್ವಿ? ಬಂದೋರೆಲ್ಲ ತೆಗೀತಿದ್ರು."

ಅಮ್ಮ ಹೆಚ್ಚು ಮಾತಾಡಲಿಲ್ಲ. "ಇದು ನೀವೇ ಇಟ್ಕೊಳ್ಳಿ. ಇದರ ನೆಗೆಟಿವ್ ನಮ್ಮನೇಲಿದೆ, ಇನ್ನೊಂದು ಹಾಕಿಸ್ಕೋತೀವಿ" ಎಂದು ಫೋಟೋವನ್ನು ಅವರ ಕೈಯಲ್ಲೇ ಬಿಟ್ಟರು. ಅವರು ಒಂದು ಚಿಪ್ಪು ಬಾಳೆಹಣ್ಣನ್ನು ಮಗಳ ಕೈಗಿಟ್ಟರು. ದುಡ್ಡು ಕೊಡಲು ಹೋದರೆ ಸುತಾರಾಂ ಒಪ್ಪಲಿಲ್ಲ.

"ಬಂದೋರೆಲ್ಲ ತೆಗೀತಿದ್ರು" ಎಂಬ ಆ ಮಾತು ನನ್ನನ್ನು ಬಿಟ್ಟಿಲ್ಲ. ಆ ಬೀದಿಯಲ್ಲಿ ದಶಕಗಳ ಕಾಲ ನಮ್ಮಂಥ ಸಾವಿರಾರು ಮಂದಿ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ತುಮಕೂರು, ಪುಣೆ, ಪ್ಯಾರಿಸ್ ಎಲ್ಲೆಲ್ಲಿಯ ಕಪಾಟುಗಳಲ್ಲೋ ಆ ಮನೆಗಳ ಬಾಗಿಲುಗಳಿವೆ, ಕಟ್ಟೆಯ ಮೇಲೆ ಕುಳಿತ ಅವ್ವಂದಿರಿದ್ದಾರೆ. ಕಳೆದುಕೊಂಡವರ ಬಳಿ ಇಲ್ಲದ ದಾಖಲೆ, ಹಾದುಹೋದವರ ಬಳಿ ಇದೆ. ನಾವು ಹಿನ್ನೆಲೆ ಎಂದುಕೊಂಡದ್ದು ಯಾರದೋ ಮನೆ. ಹಳೆಯ ಪ್ರವಾಸದ ಫೋಟೋವನ್ನು ನಮ್ಮ ಸ್ವಂತದ ನೆನಪಿನ ಸ್ವತ್ತು ಎಂದಷ್ಟೇ ನೋಡಿದರೆ ಅದರ ಅರ್ಧವನ್ನೂ ನೋಡಿದಂತಾಗುವುದಿಲ್ಲ.

ನದಿ ದಾಟುವಾಗಲೂ ಇದೇ ಯೋಚನೆ. 1993ರಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ದಾಟಿದ್ದೆವು. ಆ ಫೋಟೋದಲ್ಲಿ ನಾವೆಲ್ಲ ಅಲುಗಾಡದೆ ಕುಳಿತಿದ್ದೇವೆ, ಹುಟ್ಟು ಹಾಕುವವರು ಮಾತ್ರ ಅಲುಗಿ ಮಸುಕಾಗಿದ್ದಾರೆ. ದುಡಿಯುತ್ತಿದ್ದವರು ಅವರೊಬ್ಬರೇ, ಮುಖ ಮೂಡದಿರುವುದೂ ಅವರೊಬ್ಬರದೇ. ಅದೇ ಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತ್ತು. 2006ರಲ್ಲಿ ಪಟ್ಟಿಯಿಂದ ತೆಗೆಯಿತು. ಸೇತುವೆ ಮುಗಿಯುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ದಂಡೆಯಲ್ಲಿ ನಿಂತು, ಮಸುಕಾದ ಆ ಅಂಬಿಗರ ಫೋಟೋವನ್ನು ಅಲ್ಲಿದ್ದ ಹಿರಿಯರಿಗೆ ತೋರಿಸಿದೆ. ಮುಖ ಕಾಣದಿದ್ದರೂ ಹುಟ್ಟು ಹಿಡಿದ ಭಂಗಿ ನೋಡಿ ಒಬ್ಬರು ಹೆಸರು ಹೇಳಿದರು. ಅದನ್ನು ಅಲ್ಲೇ ಫೋಟೋದ ಬೆನ್ನಿಗೆ ಬರೆದುಕೊಂಡೆ.

ಈಗ ನಮ್ಮ ಮೊಬೈಲುಗಳು ಪ್ರತಿ ಫೋಟೋದ ಜೊತೆಗೂ ತಾರೀಖು, ಗಂಟೆ, ಜಾಗ ಎಲ್ಲವನ್ನೂ ತಾವೇ ಬರೆದಿಡುತ್ತವೆ. ದೊಡ್ಡಪ್ಪ ಪೆನ್ಸಿಲ್ಲಿನಿಂದ ಮಾಡಿದ ಕೆಲಸ ತಾನಾಗಿ ನಡೆಯುತ್ತದೆ. ಆದರೆ ಪಕ್ಕದಲ್ಲಿ ನಿಂತವರು ಯಾರು, ಅಂದು ಯಾರು ಏನೆಂದರು, ಎರಡು ಫೋಟೋಗಳ ನಡುವೆ ಯಾರು ಮಲಗಿದ್ದರು, ಯಾರು ಕಾದು ಕುಳಿತಿದ್ದರು ಎಂಬುದನ್ನು ಯಾವ ಯಂತ್ರವೂ ಬರೆಯದು. ಅದು ಮನುಷ್ಯರ ಬಾಯಲ್ಲಿದೆ. ಅವರು ಇರುವವರೆಗೆ ಮಾತ್ರ ಇರುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯ ಹಳೆಯ ಆಲ್ಬಮ್ಮನ್ನು ಈ ಭಾನುವಾರವೇ ಕೆಳಗಿಳಿಸಿ, ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೆಗೆಟಿವ್‌ಗಳಿದ್ದರೆ ಎಸೆಯಬೇಡಿ, ತೇವ ತಾಕದ ಕಡೆ ಇಡಿ. ಹಿರಿಯರು ಹೇಳಿದ್ದನ್ನು ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ಫೋಟೋದ ಹಿಂದೆ ಬರೆಯಿರಿ. ಪೆನ್ನಿನ ಶಾಯಿ ಕಾಲಕ್ರಮದಲ್ಲಿ ಚಿತ್ರದೊಳಕ್ಕೆ ಇಳಿಯಬಹುದು. ನಿಮ್ಮವರ ಹೆಸರು ಬರೆದಾದ ಮೇಲೆ ಚೌಕಟ್ಟಿನ ಅಂಚಿನಲ್ಲಿ ನಿಂತವರನ್ನೂ ನೋಡಿ. ಆ ಊರಿಗೆ ಮತ್ತೆ ಹೋಗುವ ದಿನ ಬಂದರೆ ಫೋಟೋವನ್ನು ಜೊತೆಗೆ ಒಯ್ದು ಅಲ್ಲಿಯವರಿಗೆ ತೋರಿಸಿ. ಅದು ಅವರದಾಗಿದ್ದರೆ, ಕೊಟ್ಟುಬನ್ನಿ.